ನಾಲಗೆಯ ಗಂಟಿಗೆ ಹೊತ್ತ ಹರಕೆ

ನನ್ನ ಗಂಡ ಮೊದಲು ಕಡಕ್ ರೊಟ್ಟಿ ಬಿಟ್ಟರು. ಆಮೇಲೆ ಬಿಸಿ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿ ನುಂಗತೊಡಗಿದರು. ಕುಡಿದು ಕುಡಿದು ಊಟ ಸೇರುತ್ತಿಲ್ಲ ಎಂದುಕೊಂಡು ನಾನು ಬೈಯುತ್ತಿದ್ದೆ. ಒಂದು ಬೆಳಿಗ್ಗೆ ಬಾಯಿ ತೆರೆಸಿ ನೋಡಿದರೆ ನಾಲಗೆಯ ಎರಡೂ ಅಂಚಿಗೆ ಹಳದಿ ಬಣ್ಣದ ಮೆತ್ತನೆಯ ಗಂಟುಗಳು, ನೆನೆಸಿಟ್ಟ ಕಡಲೆಬೇಳೆಯ ಹಾಗೆ ಒತ್ತೊತ್ತಾಗಿ. ನೋವಿಲ್ಲವಂತೆ. ನೋವಿಲ್ಲದ ಗಂಟೇ ಕೆಟ್ಟದ್ದು ಎಂದು ನಮ್ಮ ಓಣಿಯಲ್ಲಿ ಎಲ್ಲರೂ ನಂಬುತ್ತಾರೆ.

ಇಳಕಲ್ಲಿನ ಡಾಕ್ಟರು ಬಾಗಲಕೋಟೆಗೆ ಕಳಿಸಿದರು. ಅಲ್ಲಿ ಚೂರು ಕತ್ತರಿಸಿ ಪರೀಕ್ಷೆಗೆ ಕೊಟ್ಟರು. ಕ್ಯಾನ್ಸರ್ ಎಂಬ ಮಾತನ್ನು ನಾವಿಬ್ಬರೂ ಆಡಲಿಲ್ಲ, ತಲೆಯಲ್ಲಿ ಬೇರೇನೂ ಇರಲಿಲ್ಲ. ನೇಕಾರರಾದ ನಮಗೆ ಬಾದಾಮಿಯ ಬನಶಂಕರಿ ಮನೆದೇವರು. ಇದು ಆ ರೋಗವಲ್ಲ ಎಂದಾದರೆ ನಮ್ಮ ಮಗ್ಗದಲ್ಲೇ ನೇಯ್ದ ಸೀರೆ ಉಡಿಸುತ್ತೇನೆ ಎಂದು ಹರಕೆ ಹೊತ್ತೆ.

ಅಂಜಿಕೆ ಎಂಥ ಔಷಧ! ನನ್ನ ಬೈಗುಳ, ಕಣ್ಣೀರು, ಮಠದಲ್ಲಿ ಮಾಡಿಸಿದ ಆಣೆ, ಯಾವುದಕ್ಕೂ ಬಗ್ಗದ ಮನುಷ್ಯ ಕುಡಿತ ಬಿಟ್ಟರು. ಕೆಲ ದಿನ ಕೈ ನಡುಗಿತು, ಮೈಯೆಲ್ಲ ಬೆವರಿತು. ಆಮೇಲೆ ತಾವಾಗಿಯೇ ಮಗ್ಗಕ್ಕೆ ಕುಳಿತು ಹರಕೆಯ ಸೀರೆ ನೇಯ್ದರು. ಇಳಕಲ್ ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ನಾವು ಇಬ್ಬರೂ ಕೂತು ಮಾಡುವ ಕೆಲಸ. ಎಳೆಯ ತುದಿಯನ್ನು ನಾಲಗೆಗೆ ತಾಗಿಸಿ ಒದ್ದೆ ಮಾಡುವುದು ಅವರ ರೂಢಿ. ಈಗ ಅದು ಆಗುತ್ತಿರಲಿಲ್ಲ, ಎಳೆಯನ್ನು ನನ್ನ ತುಟಿಯ ಹತ್ತಿರ ಹಿಡಿಯುತ್ತಿದ್ದರು. ಮದುವೆಯಾದ ಮೇಲೆ ನನಗೆ ಸಿಕ್ಕ ಒಳ್ಳೆಯ ದಿನಗಳೆಂದರೆ ಅವೇ.

ರಿಪೋರ್ಟು ಬಂತು.

"ಕ್ಯಾನ್ಸರ್ ಅಲ್ರಿ," ಎಂದರು ಬಾಗಲಕೋಟೆಯ ಡಾಕ್ಟರು. "ಬರೇ ಕೊಬ್ಬು. ಭಾಳ ವರ್ಷ ಕುಡದೋರೊಳಗ ಎಲ್ಲೋ ಒಬ್ಬೊಬ್ಬರಿಗೆ ನಾಲಿಗ್ಯಾಗ ಹಿಂಗ ಬೆಳೀತೈತಿ. ತಗೀಬಹುದು. ಆದ್ರ ಕುಡದ್ರ ಮತ್ತ ಬೆಳೀತೈತಿ, ಉಸರಾಡಾಕೂ ತ್ರಾಸ ಆಗ್ತೈತಿ."

ನಾನು ಪೂರ್ತಿ ಕೇಳಿಸಿಕೊಂಡೆ. ಅವರು ಮೊದಲ ಮಾತಿಗೇ ಎದ್ದು ಡಾಕ್ಟರ ಕಾಲು ಮುಟ್ಟಿದ್ದರು.

ಬಸ್‌ಸ್ಟ್ಯಾಂಡಿನಲ್ಲಿ "ನೀ ಇಲ್ಲೇ ಕುಂದರು, ನೀರು ತರ್ತೇನಿ" ಎಂದು ಹೋದರು. ಇಳಕಲ್ ಬಸ್ಸು ಒಂದು ಹೋಯಿತು, ಇನ್ನೊಂದೂ ಹೋಯಿತು. ಬಂದಾಗ ಕೈಯಲ್ಲಿ ನೀರಿರಲಿಲ್ಲ, ಬಾಯಲ್ಲಿ ವಾಸನೆಯಿತ್ತು.

"ಯಾಕ್ರಿ ಹಿಂಗ ಮಾಡಿದ್ರಿ?"

"ಕ್ಯಾನ್ಸರ್ ಅಲ್ಲಂತ ಹೇಳ್ಯಾರಲ್ಲ," ಎಂದು ತೊದಲುತ್ತ ನಕ್ಕರು. "ಯಾಕ ಅಳ್ತಿ?"

ಹುನಗುಂದ ದಾಟುವ ತನಕ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದರು. ಆ ದಾರಿಯಲ್ಲಿ ನನಗನಿಸಿದ್ದನ್ನು ಬರೆದೇಬಿಡುತ್ತೇನೆ. ಕ್ಯಾನ್ಸರೇ ಆಗಬೇಕಿತ್ತು. ಅಂಜಿಯಾದರೂ ನಾಲ್ಕು ದಿನ ಮನುಷ್ಯರ ಹಾಗೆ ಇರುತ್ತಿದ್ದರು. ಹಾಗೆ ಅನಿಸಿದ್ದಕ್ಕೆ ನನ್ನ ಮೇಲೆಯೇ ಹೇಸಿಗೆಯಾಯಿತು, ಆದರೂ ಅನಿಸುವುದು ನಿಲ್ಲಲಿಲ್ಲ.

ಆಪರೇಷನ್ನಿನ ಮಾತು ಅಲ್ಲಿಗೇ ನಿಂತಿತು. ಈಗ ರೊಟ್ಟಿ ಹೋಗಿ ಗಂಜಿಯಾಗಿದೆ. ಮಲಗಿದರೆ ಗೊರಕೆಯ ನಡುವೆ ಉಸಿರು ಕಟ್ಟುತ್ತದೆ, ನಾನು ಎದ್ದು ಮಗ್ಗುಲು ತಿರುಗಿಸುತ್ತೇನೆ.

ಹರಕೆ ತಪ್ಪಿಸುವಂತಿರಲಿಲ್ಲ. ಬೇಡಿದ್ದನ್ನು ದೇವಿ ಕೊಟ್ಟಾಗಿತ್ತು. ಸೀರೆ ತಗೊಂಡು ಬಾದಾಮಿಗೆ ಹೋದೆವು. ಪೂಜಾರಿ ಸೀರೆ ಉಡಿಸಿ, ಕುಂಕುಮ ಕೊಟ್ಟು, "ಇನ್ನೇನರ ಬೇಡ್ಕೊಳ್ಳೋದಿದ್ರ ಬೇಡ್ಕೋ ಯವ್ವಾ" ಎಂದರು. ಪಕ್ಕದಲ್ಲಿ ನನ್ನ ಗಂಡ ಕೈಮುಗಿದು ತೂಗಾಡುತ್ತಿದ್ದರು. ಬೇಡಲು ಬಾಯಿ ತೆರೆದೆ. ಏನು ಬೇಡಿದರೆ ಏನು ಕೊಟ್ಟುಬಿಡುತ್ತಾಳೋ ಎಂದು ಹೆದರಿ ಮುಚ್ಚಿಕೊಂಡೆ.