ಅಕ್ಕನ ಪಕ್ಕದ ಜಾಗ

ನಾನು ಚಿಕ್ಕವನಿದ್ದಾಗ ನನ್ನಷ್ಟು ಹೊಟ್ಟೆಕಿಚ್ಚಿನ ಹುಡುಗ ಇಡೀ ಮಧುವನಹಳ್ಳಿಯಲ್ಲಿ ಇನ್ನೊಬ್ಬ ಇರಲಿಲ್ಲ. ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಅಪ್ಪ, ಅವ್ವ ಇಬ್ಬರೂ ರೇಷ್ಮೆ ಹುಳು ಸಾಕುವುದರಲ್ಲೇ ಮುಳುಗಿರುತ್ತಿದ್ದರು. ಬೆಳಗಾದರೆ ಸೊಪ್ಪು ಕೊಯ್ಯಬೇಕು, ಹೆಚ್ಚಬೇಕು, ಹುಳುವಿಗೆ ಹಾಕಬೇಕು. ನನಗೆ ತಲೆ ಬಾಚಿದವಳು, ಮುದ್ದೆ ಮುರಿದು ಬಾಯಿಗಿಟ್ಟವಳು, ಸೊಂಟದ ಮೇಲೆ ಹೊತ್ತು ತಿರುಗಿದವಳು ಅಕ್ಕ. ಅವಳ ಸೀರೆಗೆ ಯಾವಾಗಲೂ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಅಕ್ಕ ನನ್ನ ಸ್ವಂತ ಆಸ್ತಿ ಎಂದೇ ನಾನು ತಿಳಿದಿದ್ದೆ.

ನನಗೆ ಐದು ವರ್ಷವಾದಾಗ ಅಕ್ಕನಿಗೆ ನಮ್ಮೂರಿನ ಬಾಲವಾಡಿಯಲ್ಲಿ ಟೀಚರ್ ಕೆಲಸ ಸಿಕ್ಕಿತು. ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋದಳು. ಬಾಗಿಲಲ್ಲೇ ನಿಲ್ಲಿಸಿ, "ಒಸ್ಲು ದಾಟಿದ್ ಮ್ಯಾಕೆ ನಾನು ಅಕ್ಕ ಅಲ್ಲ ಕಣ್ಲಾ, ಟೀಚರು" ಅಂದಳು. ಒಳಗೆ ನೋಡಿದರೆ ಮೂವತ್ತು ಮಕ್ಕಳು! ಒಬ್ಬಳಿಗೆ ಮೂಗು ಒರೆಸಬೇಕು, ಇನ್ನೊಬ್ಬನ ಚಡ್ಡಿ ಗುಂಡಿ ಹಾಕಬೇಕು. ನನ್ನ ಅಕ್ಕನನ್ನು ಮೂವತ್ತು ಚೂರು ಮಾಡಿ ಹಂಚಿಬಿಟ್ಟ ಹಾಗೆ ನನಗೆ ಸಂಕಟವಾಯಿತು.

ಮಕ್ಕಳೆಂದ ಮೇಲೆ ಹೊಡೆದಾಟ, ಕಚ್ಚಾಟ ಇದ್ದೇ ಇರುತ್ತಿತ್ತು. ಮಕ್ಕಳನ್ನು ಬಿಡಲು ಬರುವ ಹೆಂಗಸರು, "ಎಲ್ಡು ಬಾರ್ಸವ್ವ, ಮೈ ಬಗ್ತದೆ" ಎಂದು ಧಾರಾಳವಾಗಿ ಅಪ್ಪಣೆ ಕೊಟ್ಟು ಹೋಗುತ್ತಿದ್ದರು. ಅಕ್ಕ ಮಾತ್ರ ಬೆತ್ತ ಮುಟ್ಟಲಿಲ್ಲ. ಅವಳು ಮನೆಯಿಂದ ಒಂದು ಹಳೆಯ ಚಂದ್ರಿಕೆ ತಂದು ಮೂಲೆಯಲ್ಲಿ ಹಾಸಿದ್ದಳು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಅಗಲವಾದ ಚಾಪೆಗೆ ಚಂದ್ರಿಕೆ ಎನ್ನುತ್ತಾರೆ. ಇದರ ಸುರುಳಿ ಪಟ್ಟಿಗಳೆಲ್ಲ ಕಿತ್ತುಹೋಗಿ ಬರೀ ಚಾಪೆ ಉಳಿದಿತ್ತು. ಹುಳು ಗೂಡು ಕಟ್ಟುವಾಗ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ಅದೇ ಪದ್ಧತಿಯನ್ನು ಅಕ್ಕ ಮಕ್ಕಳಿಗೂ ತಂದಳು. ಹೊಡೆದವರು, ಕಚ್ಚಿದವರು ಚಂದ್ರಿಕೆಯ ಮೇಲೆ ಕೂರಬೇಕು. ಅವರನ್ನು ಯಾರೂ ಬೈಯುವಂತಿಲ್ಲ, ಅಣಕಿಸುವಂತಿಲ್ಲ. ಸಿಟ್ಟು ಇಳಿಯುವವರೆಗೆ ಅಕ್ಕ ಮಾತಿಲ್ಲದೆ ಅವರ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದಳು. ಇದಕ್ಕೆ ಶಿಕ್ಷೆ ಅನ್ನುತ್ತಾರೆಯೇ, ನೀವೇ ಹೇಳಿ!

ಆಗ ಬಂದ ನೋಡಿ, ಶಾಗ್ಯ ಅನ್ನುವ ಊರಿನ ಹುಡುಗ. ಅವನ ಅವ್ವ ಬಾಣಂತನಕ್ಕೆಂದು ನಮ್ಮೂರಿನ ತವರಿಗೆ ಬಂದಿದ್ದಳು. ಎಳೆ ಕೂಸಿಗೆ ಮಡಿಲು ಬಿಟ್ಟುಕೊಟ್ಟ ಸಿಟ್ಟನ್ನೆಲ್ಲ ಅವನು ನಮ್ಮ ಮೇಲೆ ತೀರಿಸುತ್ತಿದ್ದ. ದಿನಕ್ಕೆ ಮೂರು ಸಲ ಚಂದ್ರಿಕೆ ಏರುತ್ತಿದ್ದ. ದಿನಕ್ಕೆ ಮೂರು ಸಲ ಅಕ್ಕ ಅವನ ಪಕ್ಕದಲ್ಲಿ! ನನಗೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು. ನಾನೂ ಒಂದು ದಿನ ಬೇಕೆಂದೇ ಒಬ್ಬಳ ಜಡೆ ಎಳೆದೆ. ಅಕ್ಕ ಕಣ್ಣು ಬಿಟ್ಟು, "ಟೀಚರ ತಮ್ಮನಾಗಿ ಇಂಗ್ ಮಾಡ್ತೀಯಾ? ಓಗು, ಸ್ಲೇಟೆಲ್ಲಾ ಒರ್ಸು" ಅಂದಳು. ಸ್ವಂತ ತಮ್ಮನಿಗೆ ಚಂದ್ರಿಕೆಯಿಲ್ಲ. ಊರವರು ಪಕ್ಷಪಾತ ಅನ್ನಬಾರದಲ್ಲ!

ಊಟದ ಪಾತ್ರೆಯ ತಂಟೆಗೆ ಹೋದವರನ್ನು ಮಾತ್ರ ಮನೆಗೆ ಕಳಿಸುತ್ತೇನೆ ಎಂದು ಅಕ್ಕ ಹೇಳಿದ್ದಳು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಮಧ್ಯಾಹ್ನ ಅಕ್ಕ ಉಪ್ಪಿಟ್ಟಿನ ಪಾತ್ರೆ ಇಳಿಸಿ ನೀರು ತರಲು ಹೋದಳು. ಒಗ್ಗರಣೆಯ ಘಮಕ್ಕೆ ಎಲ್ಲರೂ ತಟ್ಟೆ ಹಿಡಿದು ಸಾಲಾಗಿ ಹೊರಗಿನ ಜಗಲಿಯಲ್ಲಿ ಕುಳಿತಿದ್ದರು. ಒಳಗೆ ಇದ್ದವರು ನಾನು ಮತ್ತು ಆ ಶಾಗ್ಯದ ಹುಡುಗ. ನಾನು ಪಾತ್ರೆಯನ್ನು ಕಾಲಿನಿಂದ ತಳ್ಳಿಬಿಟ್ಟೆ. ಹಳದಿ ಉಪ್ಪಿಟ್ಟು ಸಗಣಿ ಸಾರಿಸಿದ ನೆಲದ ತುಂಬಾ ಹಬೆಯಾಡುತ್ತಾ ಹರಡಿತು.

ಅಕ್ಕ ಬಂದಳು. ಬಿಂದಿಗೆ ಇಳಿಸಿ, "ಯಾರ್ಲಾ ಚೆಲ್ಲಿದ್ದು?" ಅಂದಳು.

"ಇವ್ನೇ ಒದ್ದಿದ್ದು ಟೀಚರ್!" ಎಂದು ನಾನು ಅವನತ್ತ ಬೆರಳು ತೋರಿಸಿದೆ.

ಅವನು ಅಳುತ್ತಾನೆ, ಹೊಡೆಯಲು ಬರುತ್ತಾನೆ ಎಂದುಕೊಂಡಿದ್ದೆ. ಅವನು ನನ್ನನ್ನು ನೋಡಿದ. ಆಮೇಲೆ ಚಂದ್ರಿಕೆಯನ್ನು ನೋಡಿದ. "ಊಂ, ನಾನೇಯ" ಎಂದವನೇ ತಾನಾಗಿ ಹೋಗಿ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟ.

ಅಕ್ಕ ಅವನನ್ನು ಮನೆಗೆ ಕಳಿಸಲಿಲ್ಲ. ತಾನಾಗಿ ಒಪ್ಪಿಕೊಂಡವನನ್ನು ಕಳಿಸಲು ಮನಸ್ಸು ಬರಲಿಲ್ಲವೇನೋ, ಹೋಗಿ ಅವನ ಪಕ್ಕದಲ್ಲಿ ಕುಳಿತಳು. ಬೆನ್ನ ಮೇಲೆ ಕೈ ಇಟ್ಟಳು. ಅವನು ಕಣ್ಣು ಮುಚ್ಚಿಕೊಂಡ. ನನ್ನ ಕೈಯಾರೆ ನಾನೇ ಅವನಿಗೆ ಅಕ್ಕನನ್ನು ಕೊಟ್ಟ ಹಾಗಾಗಿತ್ತು.

"ಸುಳ್ಳು ಕಣಕ್ಕೋ! ಚೆಲ್ಲಿದ್ದು ನಾನು!" ಎಂದು ಕಿರುಚಿದೆ. ಪ್ರಾಮಾಣಿಕತೆ ಉಕ್ಕಿ ಬಂತು ಎಂದುಕೊಳ್ಳಬೇಡಿ, ಶುದ್ಧ ಹೊಟ್ಟೆಕಿಚ್ಚು.

"ಇಲ್ಲ, ನಾನು ಚೆಲ್ಲಿದ್ದು!" ಎಂದು ಅವನೂ ಜಾಗ ಬಿಡದೆ ಕೂಗಿದ.

ಅಕ್ಕ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. ಮೊದಲು ನಕ್ಕಳು. ನಗುತ್ತಿದ್ದವಳ ಕಣ್ಣಲ್ಲಿ ನೀರು ಬಂತು. "ಬಾರ್ಲಾ" ಎಂದು ಕರೆದು ನನ್ನನ್ನು ಆ ಕಡೆ, ಅವನನ್ನು ಈ ಕಡೆ ಕೂರಿಸಿಕೊಂಡಳು. ನನಗೆ ಅರ್ಧ ಅಕ್ಕ ಸಿಕ್ಕಳು. ಅವನ ಪಾಲಿಗೆ ತುಸು ಹೆಚ್ಚು ಹೋಗಿದೆಯೇ ಎಂದು ನಾನು ಬಗ್ಗಿ ನೋಡಿದ್ದೂ ನಿಜ. ಆಮೇಲೆ ಅಕ್ಕ ನಮ್ಮಿಬ್ಬರ ಕೈಯಲ್ಲೇ ಚೆಲ್ಲಿದ್ದನ್ನೆಲ್ಲ ಬಳಿಸಿದಳು. ಹಸಿದ ಮಕ್ಕಳಿಗೆ ಅವತ್ತು ಕಡ್ಲೆಪುರಿ, ಬೆಲ್ಲವೇ ಊಟವಾಯಿತು. ಅದನ್ನು ಹಂಚಿದವರೂ ನಾವೇ. ಕೊನೆಯಲ್ಲಿ ನಮಗೆ ಉಳಿದದ್ದು ಒಂದೊಂದು ಹಿಡಿ.

ಈಗ ನೋಡಿ ಮೊಮ್ಮಕ್ಕಳೇ, ಕೊಳ್ಳೇಗಾಲದಲ್ಲಿ ನಿಮ್ಮ ಶಾಲೆಯ ಗೋಡೆಯ ಮೇಲೆ ಜಿರಾಫೆ ಇದೆ, ಅಂಗಳದಲ್ಲಿ ಜಾರುಬಂಡೆ ಇದೆ. ನೀವು ಆಡುವುದನ್ನು ನಿಮ್ಮ ಅಮ್ಮ ಆಫೀಸಿನಲ್ಲಿ ಕುಳಿತು ಫೋನಿನಲ್ಲೇ ನೋಡುತ್ತಾಳೆ. ನಿಮಗೂ ಯಾರೂ ಹೊಡೆಯುವುದಿಲ್ಲ. ಒಳ್ಳೆಯದೇ ಆಯಿತು. ಗೇಟಿನ ಹೊರಗೆ ನಿಂತು ಇದನ್ನೆಲ್ಲ ನೋಡುವಾಗ ಈ ವಯಸ್ಸಿನಲ್ಲೂ ನನಗೆ ಹೊಟ್ಟೆ ಉರಿಯುತ್ತದೆ.

ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಗೆಳತಿಯನ್ನು ತಳ್ಳಿ, ಕೆಂಪು ಕುರ್ಚಿಯಲ್ಲಿ ಐದು ನಿಮಿಷ ಕೂರುವ ಶಿಕ್ಷೆ ಪಡೆದು ಬಂದಳು. "ಮಿಸ್ ಪಕ್ಕದಲ್ಲಿ ಕೂತಿದ್ರಾ ಪುಟ್ಟಿ?" ಎಂದು ಆಸೆಯಿಂದ ಕೇಳಿದೆ.

"ಇಲ್ಲ ತಾತ, ಅದು ಒಬ್ರೇ ಕೂರೋ ಕುರ್ಚಿ" ಅಂದಳು.

ಅವತ್ತೊಂದು ದಿನ ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಬರಲಿಲ್ಲ.