ಕೆಂಪು ಹೆಲ್ಮೆಟ್ಟಿನವನ ಎಡ ಮೊಣಕಾಲು

ಈಚೆಗೆ ಒಂದು ಶುಕ್ರವಾರ ಮಧ್ಯಾಹ್ನ, ನಮ್ಮ ಮನೆಯ ಸೋಫಾದ ಮೇಲೆ ನಲವತ್ತೈದು ವರ್ಷದ ಗಂಡಸೊಬ್ಬರು ಜಪಾನಿನ ಸೂಪರ್‌ಹೀರೋಗಳನ್ನು ನೋಡಿ ಕಣ್ಣೊರೆಸಿಕೊಂಡರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದೇ ಹೀರೋಗಳಿಗೆ ಗದಗಿನ ಶುದ್ಧ ಭಾಷೆಯಲ್ಲಿ ಬೈದರು.

ಆ ಗಂಡಸು ನನ್ನ ಯಜಮಾನರು, ಗಿರೀಶ್.

ನೋಡಿದ್ದು ಒಂದು ರೀಯೂನಿಯನ್ ಸ್ಪೆಷಲ್. ಎಂಬತ್ತರ ದಶಕದ ಜಪಾನೀ ಸೀರಿಯಲ್ ಒಂದಕ್ಕೆ ನಲವತ್ತು ತುಂಬಿತಂತೆ. ಐದು ಜನ ತರುಣರು, ಐದು ಬಣ್ಣದ ಹೆಲ್ಮೆಟ್ಟು, ವಾರಕ್ಕೊಂದು ರಾಕ್ಷಸ. ಅದೇ ನಟರನ್ನು ಮತ್ತೆ ಕರೆದು ಎರಡು ಗಂಟೆಯ ಸಿನಿಮಾದಂಥದ್ದು ಮಾಡಿದ್ದಾರೆ. (ಹೆಸರು ಬರೆಯುವುದಿಲ್ಲ. ಈ ಅಂಕಣದಲ್ಲಿ ಇಲ್ಲಿನ ಅರಬ್ಬರ ಮಚ್‌ಬೂಸನ್ನು ನಮ್ಮ ಬಿರಿಯಾನಿಗೆ ಹೋಲಿಸಿ ಬರೆದಾಗ ಬಂದ ಪತ್ರಗಳಿಗೇ ಇನ್ನೂ ಉತ್ತರ ಕೊಟ್ಟಿಲ್ಲ. ಅಭಿಮಾನಿಗಳ ತಂಟೆ ನನಗೆ ಬೇಡ.)

ಗಿರೀಶ್ ಹುಟ್ಟಿದ್ದು ಗದಗಿನಲ್ಲಿ, ಹತ್ತು ವರ್ಷದವರೆಗೆ ಬೆಳೆದದ್ದು ಈಗ ನಾವಿರುವ ಇದೇ ಕೊಲ್ಲಿ ದೇಶದ ಎಣ್ಣೆ ಊರು ಅಹ್ಮದಿಯಲ್ಲಿ. ನಮ್ಮ ಮಾವ ಆಗ ಇಲ್ಲಿ ಫಿಟ್ಟರ್ ಆಗಿದ್ದರು. ಸಂಜೆಯಾದರೆ ಟೀವಿಯಲ್ಲಿ ಆ ಜಪಾನಿನವರು ಅರಬ್ಬಿಯಲ್ಲಿ ಅಬ್ಬರಿಸುತ್ತ ಬರುತ್ತಿದ್ದರು. ಕಂಪನಿ ಕ್ವಾರ್ಟರ್ಸಿನ ಮಕ್ಕಳೆಲ್ಲ ಕಾಂಪೌಂಡ್ ಗೋಡೆ ಹತ್ತಿ ಜಿಗಿಯುವುದು, ಕೆಂಪು ಯಾರಾಗಬೇಕು ಅಂತ ದಿನಾ ಜಗಳ ಆಡುವುದು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಒಳಗೆ ಬಂತು. ಇವರ ಕುಟುಂಬ ಬಸ್ಸು ಹಿಡಿದು ಬಾಗ್ದಾದ್, ಅಲ್ಲಿಂದ ಅಮ್ಮಾನ್, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿ ಅಂತ ಊರು ಸೇರಿತು. ಸೀರಿಯಲ್ಲಿನ ಕೊನೆಯ ಕಂತುಗಳು ಇಲ್ಲೇ ಉಳಿದುಬಿಟ್ಟವು. ಗದಗಿನ ಶಾಲೆಯಲ್ಲಿ ಹುಡುಗರು "ಕಡೀಕ ಏನಾತು?" ಅಂತ ಕೇಳಿದರೆ ಇವರೇ ಕಥೆ ಕಟ್ಟಿ ಹೇಳುತ್ತಿದ್ದರಂತೆ. ಒಬ್ಬೊಬ್ಬರಿಗೆ ಒಂದೊಂದು ಕ್ಲೈಮ್ಯಾಕ್ಸು.

ಇಷ್ಟು ಹಿನ್ನೆಲೆ ಸಾಕು. ಈಗ ಮೊಣಕಾಲಿಗೆ ಬರೋಣ.

ದೊಡ್ಡವರಾದ ಮೇಲೆ ಮತ್ತೆ ಇಲ್ಲಿಗೇ ಬಂದ ಗಿರೀಶ್ ಈಗ ಶುಐಬಾದ ಒಂದು ಪ್ಲಾಂಟಿನಲ್ಲಿ ಮೆಕ್ಯಾನಿಕಲ್ ಟೆಕ್ನೀಷಿಯನ್. ಕೆಲಸವೆಂದರೆ ದಿನವಿಡೀ ಏಣಿ ಹತ್ತುವುದು, ಇಳಿಯುವುದು. ಒಂದು ದಿನ ಇಳಿಯುವಾಗ ಕೊನೆಯ ಎರಡು ಮೆಟ್ಟಿಲು ತಪ್ಪಿದವು. (ಯಾರದೂ ತಪ್ಪಿಲ್ಲ. ಊಟದ ಹೊತ್ತಿನ ಅವಸರ.) ಬಲಗಾಲಿನ ಮಂಡಿಚಿಪ್ಪು ಎರಡು ಹೋಳಾಯಿತು. ಆಪರೇಷನ್ ಆಯಿತು, ತಂತಿ ಕಟ್ಟಿದರು, ಆರು ವಾರ ಕಾಲು ನೆಟ್ಟಗೆ ಇಡಿಸಿದರು. ಮೂಳೆ ಕೂಡಿಕೊಂಡಿತು. ಮೊಣಕಾಲು ಮಾತ್ರ ಮಡಚಲಿಲ್ಲ.

ಓದುಗರಿಗೆ ಗೊತ್ತೇ ಇದೆ, ನಾನು ಫಿಸಿಯೋಥೆರಪಿಸ್ಟ್. ಫಹಾಹೀಲಿನ ಒಂದು ಕ್ಲಿನಿಕ್ಕಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಮೊಣಕಾಲು ಮಡಚಿಸುವವಳು. ಮನೆಯಲ್ಲಿದ್ದ ಮೊಣಕಾಲು ಮಾತ್ರ ನನ್ನ ಕೈಗೆ ಸಿಗಲಿಲ್ಲ. ಕೇಳಿದಾಗಲೆಲ್ಲ "ನಾ ಮಾಡ್ಕೋತೀನಿ ಬಿಡು" ಅನ್ನುವ ಉತ್ತರ. ವಾರಕ್ಕೊಮ್ಮೆ ಕೋನ ಅಳೆಯಲು ಬಿಡುತ್ತಿದ್ದರು. ಎಪ್ಪತ್ತು ಡಿಗ್ರಿ. ಮುಂದಿನ ವಾರ ಎಪ್ಪತ್ತು. ಅದರ ಮುಂದಿನ ವಾರವೂ ಎಪ್ಪತ್ತು. ಏಣಿ ಹತ್ತಬೇಕಾದರೆ ನೂರಾದರೂ ದಾಟಬೇಕು.

ಇನ್ನು ಆರು ವಾರಕ್ಕೆ ಕಂಪನಿಯ ಮೆಡಿಕಲ್ ಟೆಸ್ಟ್ ಇತ್ತು. ಡಾಕ್ಟರು ಅನ್‌ಫಿಟ್ ಅಂತ ಬರೆದರೆ ಕೆಲಸ ಖಲಾಸ್. ಕೆಲಸ ಹೋದರೆ ಇಲ್ಲಿರಲು ಕೊಟ್ಟ ಇಕಾಮಾನೂ ಹೋಗುತ್ತದೆ, ಅಪ್ಪನ ಇಕಾಮಾಕ್ಕೆ ಅಂಟಿಕೊಂಡ ಮಗಳದ್ದೂ ಹೋಗುತ್ತದೆ. ಮಗಳು ಅನಘಾ ಈಗ ಹತ್ತನೇ ಕ್ಲಾಸು. ಅವಳಿಗೆ ಇದ್ಯಾವುದನ್ನೂ ಹೇಳಿರಲಿಲ್ಲ. "ಏನೂ ಆಗಿಲ್ಲವ್ವಾ, ಸ್ವಲ್ಪ ಬಿಗಿ ಅದ, ಅಷ್ಟ" ಅಂತ ಅವಳಪ್ಪ. ನಾನೂ ಹೂಂಗುಟ್ಟುತ್ತಿದ್ದೆ.

ಸ್ಪೆಷಲ್ ಹುಡುಕಿ ತಂದವಳು ಅವಳೇ. ಜಪಾನಿನ ಸೂಪರ್‌ಹೀರೋಗಳ ವಿಷಯದಲ್ಲಿ ಅವಳು ಪಂಡಿತೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಇಂಗ್ಲಿಷ್. "ಅಪ್ಪಾ, ಯುವರ್ ಪೀಪಲ್ ಆರ್ ಬ್ಯಾಕ್!" ಅಂತ ಓಡಿ ಬಂದಳು. ಗಿರೀಶ್ ಕಾಲನ್ನು ಟೀಪಾಯಿಯ ಮೇಲಿಟ್ಟು, ಮೊಣಕಾಲಿನ ಮೇಲೆ ಫ್ರೋಜನ್ ಬಟಾಣಿಯ ಪ್ಯಾಕೆಟ್ ಇಟ್ಟುಕೊಂಡು (ಐಸ್‌ಪ್ಯಾಕಿಗಿಂತ ಇದು ವಾಸಿ, ನಂಬಿ) ಕೂತರು. ಹತ್ತು ವರ್ಷದ ಹುಡುಗನ ಮುಖ.

ಇಂಥ ಸ್ಪೆಷಲ್‌ಗಳಿಗೆಲ್ಲ ಒಂದು ಅಚ್ಚಿರುತ್ತದೆ ಅಂತ ಈಗ ನನಗೂ ಗೊತ್ತು. ಸತ್ತ ಖಳನಾಯಕ ಕಾರಣವಿಲ್ಲದೆ ಎದ್ದು ಬರುತ್ತಾನೆ. ಚದುರಿ ಹೋದವರಿಗೆ ಒಬ್ಬೊಬ್ಬರಾಗಿ ಫೋನು ಹೋಗುತ್ತದೆ. ಒಬ್ಬ ಬರಲ್ಲ ಅನ್ನುತ್ತಾನೆ, ಆಮೇಲೆ ಸರಿಯಾದ ಹೊತ್ತಿಗೆ ಬರುತ್ತಾನೆ. ಎಲ್ಲರೂ ಸಮುದ್ರದ ದಂಡೆಯಲ್ಲಿ ಸಾಲಾಗಿ ನಿಂತು ಹಳೇ ಪೋಸ್ ಕೊಡುತ್ತಾರೆ. ಹಿಂದೆ ಬಣ್ಣದ ಹೊಗೆ.

ನಗಬೇಡಿ. ಆ ಪೋಸ್ ಬಂದಾಗ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ನೀಲಿ ಬಣ್ಣದವನ ಪಾತ್ರ ಮಾಡಿದವರು ಈಗಿಲ್ಲ. ಉಳಿದ ನಾಲ್ವರು ನಿಂತು, ನಡುವೆ ಒಬ್ಬರ ಜಾಗ ಬಿಟ್ಟರು. ಗಿರೀಶ್ ಕಣ್ಣೊರೆಸಿಕೊಂಡದ್ದು ಆಗ. ಆ ಸೀರಿಯಲ್ಲಿನ ಒಂದು ಕಂತನ್ನೂ ನೋಡದ ನಾನೂ ಒರೆಸಿಕೊಂಡೆ. ಸ್ಪೆಷಲ್ ಮಾಡಿದವರಿಗೆ ಅಷ್ಟು ಅಂಕ ಕೊಡಲೇಬೇಕು.

ಆಮೇಲೆ ಕೆಂಪಿನವರು ಕಲ್ಲಿನ ಮೆಟ್ಟಿಲು ಹತ್ತತೊಡಗಿದರು. ಅರವತ್ತು ದಾಟಿದವರು, ನೀಟಾಗಿ ಕ್ರಾಪು ಬಾಚಿದ್ದಾರೆ. ಬಲಗಾಲು ಮೇಲಿಟ್ಟರು, ಎಡಗಾಲನ್ನು ಎಳೆದು ಪಕ್ಕಕ್ಕೆ ತಂದರು. ಮತ್ತೆ ಬಲಗಾಲು. ಕೈ ಕಂಬಿಯ ಮೇಲೆ. ಮೂರನೇ ಮೆಟ್ಟಿಲಿಗೆ ಕ್ಯಾಮೆರಾ ಆಕಾಶಕ್ಕೆ ತಿರುಗಿಬಿಟ್ಟಿತು.

ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನಮ್ಮ ಕ್ಲಿನಿಕ್ಕಿನಲ್ಲಿ ಮೊದಲ ದಿನದ ಪಾಠ ಅದು. ಬಾಯಿ ಸುಮ್ಮನಿರಲಿಲ್ಲ.

"ಅಯ್ಯೋ, ಇವರ ಎಡ ಮೊಣಕಾಲು ಹೋಗಿದೆ ಕಣ್ರೀ" ಅಂದೆ.

"ಯಾರದು?"

"ನಿಮ್ಮ ಕೆಂಪು ಹೆಲ್ಮೆಟ್ಟಿನವರದು."

"ಹುಚ್ಚೀಯೇನ ನೀ? ಬಿಲ್ಡಿಂಗ್ ಮ್ಯಾಲಿಂದ ಜಿಗಿಯೋ ಮನಷ್ಯಾ ಅಂವ."

ಅನಘಾ ಹಿಂದೆ ಹಾಕಿ ತೋರಿಸಿದಳು. ಮೂರು ಸಲ ನೋಡಿದರು. "ಹೌದಲ್ಲ" ಅಂದರು. ಆ "ಹೌದಲ್ಲ"ದಲ್ಲಿ ಬೇಸರಕ್ಕಿಂತ ಒಂಥರಾ ಖುಷಿಯಿತ್ತು. ಜೊತೆಗೊಬ್ಬ ಸಿಕ್ಕ ಹಾಗೆ.

ಖುಷಿ ಎರಡು ನಿಮಿಷ ಉಳಿಯಿತು. ಕೆಂಪಿನವರು ಕೈ ಬೀಸಿದರು, ಫಳ್ ಅಂತ ಬೆಳಕಾಯಿತು, ಹೆಲ್ಮೆಟ್ ಬಂತು. ಬಂಡೆಯ ಮೇಲಿಂದ ಎರಡು ಪಲ್ಟಿ ಹೊಡೆದು ಕೆಳಗೆ ಹಾರಿ, ಮೂರು ರಾಕ್ಷಸರನ್ನು ಎಡಗಾಲಿನಿಂದಲೇ ಒದ್ದರು.

"ಇದೇನಿದು! ಈಗರೆ ಮೆಟ್ಟಲಾ ಹತ್ತಾಕ ಒದ್ದಾಡಿದಾ. ಹೆಲ್ಮೆಟ್ ಹಾಕಿದ ಕೂಡ್ಲೆ ಹೊಸಾ ಮೊಣಕಾಲು ಬಂತೇನ? ಯಾರ ಕಿವಿಗೆ ಹೂವ ಇಡಾಕತ್ತಾರ ಇವರು?" ಗಿರೀಶ್ ಬಟಾಣಿಯ ಪ್ಯಾಕೆಟ್ಟನ್ನು ತೆಗೆದು ಸೋಫಾದ ಮೇಲೆ ಎಸೆದರು.

"ಅಪ್ಪಾ, ದಟ್ಸ್ ನಾಟ್ ಹಿಮ್" ಅಂದಳು ಅನಘಾ. ಸೂಟಿನೊಳಗೆ ಇರುವುದು ಬೇರೆಯವರು, ಸೂಟ್ ಆಕ್ಟರ್ ಅಂತ.

"ಗೊತ್ತಾತು ಬಿಡು. ಈಗ ವಯಸ್ಸಾಗೇತಿ, ಬ್ಯಾರೇದಂವನ್ನ ಹಾಕ್ಯಾರ. ನಾವು ನೋಡೋ ಮುಂದ ಅಂವನ ಜಿಗೀತಿದ್ದಾ."

"ಇಲ್ಲ. ಆವಾಗ್ಲೂ ಬೇರೆಯವ್ರೇ" ಅಂದಳು. (ಕೆಟ್ಟ ಸುದ್ದಿ ಹೇಳುವಾಗ ನಮ್ಮ ಮಗಳಿಗೆ ಕನ್ನಡ ಬರುತ್ತದೆ.)

ಆಮೇಲೆ ವಿವರಿಸಿದಳು. ಈ ಸೀರಿಯಲ್‌ಗಳಲ್ಲಿ ಮುಖ ಕಾಣುವ ನಟ ಮಾತಾಡುತ್ತಾನೆ, ಅಳುತ್ತಾನೆ, ಪೋಸ್ ಕೊಡುತ್ತಾನೆ. ಹೆಲ್ಮೆಟ್ ಬಂದ ಮೇಲೆ ಒಳಗೆ ಇನ್ನೊಬ್ಬ. ಹಾರುವುದು, ಬೀಳುವುದು, ಬೆಂಕಿಯ ನಡುವೆ ಓಡುವುದು ಎಲ್ಲ ಅವನ ಪಾಲು. ಜಪಾನಿನಲ್ಲಿ ಅದೇ ಒಂದು ಕಸುಬು.

ಗಿರೀಶ್ ಎಸೆದ ಬಟಾಣಿಯ ಪ್ಯಾಕೆಟ್ಟನ್ನು ಎತ್ತಿ ಮತ್ತೆ ಮೊಣಕಾಲಿನ ಮೇಲಿಟ್ಟುಕೊಂಡರು. ಮೂವತ್ತೈದು ವರ್ಷ ಒಬ್ಬನ ಜಿಗಿತವನ್ನು ಇನ್ನೊಬ್ಬನ ಮುಖಕ್ಕೆ ಅಂಟಿಸಿಕೊಂಡು ಓಡಾಡಿದ ಮನುಷ್ಯ, ಪಾಪ.

"ಹಂಗಾರ ಜಿಗದಂವ ಎಲ್ಲಿ ಅದಾನ ಈಗ?"

ಅನಘಾ ಸಿನಿಮಾವನ್ನು ಶುರುವಿನ ಹತ್ತಿರಕ್ಕೆ ಒಯ್ದಳು. ಸಮುದ್ರದಂಡೆಯ ಒಂದು ಟೀ ಅಂಗಡಿ. ಕೆಂಪಿನವರು ಮಳೆಯಲ್ಲಿ ನೆನೆದು ಒಳಗೆ ಬರುತ್ತಾರೆ. ಅಂಗಡಿಯ ಮುದುಕ ಒಂದು ಟವೆಲ್ ಕೊಟ್ಟು, ಕೋಲೂರಿ ಒಳಗೆ ಹೋಗುತ್ತಾನೆ. ಎರಡೂ ಕಾಲು ಎಳೆಯುತ್ತ. ನಾಲ್ಕು ಸೆಕೆಂಡ್. ಮಾತಿಲ್ಲ. ನಾವು ಆಗಲೇ ನೋಡಿದ್ದೆವು, ಯಾರೋ ಅಂಗಡಿಯವ ಅಂದುಕೊಂಡು ಬಿಟ್ಟಿದ್ದೆವು.

"ಹಿಮ್" ಅಂದಳು, ಆ ಮುದುಕನ ಮೇಲೆ ಬೆರಳಿಟ್ಟು.

ಸಿನಿಮಾದಲ್ಲಿ ಎಲ್ಲೂ ಅದನ್ನು ಹೇಳುವುದಿಲ್ಲ. ಹಳೇ ಅಭಿಮಾನಿಗಳು ಗುರುತು ಹಿಡಿದು ಒಬ್ಬರಿಗೊಬ್ಬರು ಹೇಳಿಕೊಂಡಿದ್ದಾರೆ. ಕೊನೆಯಲ್ಲಿ ಹೆಸರುಗಳು ಓಡುವಾಗ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಹೆಸರು, ಅಷ್ಟೇ.

ಗೌರವ ಅಂದರೆ ಇದೇನಾ? ಅಥವಾ ಗೊತ್ತಿರುವವರಿಗೆ ಮಾತ್ರ ಗೊತ್ತಾಗಲಿ ಅನ್ನುವ ಜಾಣತನವಾ?

ಗಿರೀಶ್ ಆ ನಾಲ್ಕು ಸೆಕೆಂಡನ್ನು ಎಷ್ಟು ಸಲ ನೋಡಿದರೋ. "ಎಷ್ಟ ಜಿಗದಾನ ನೋಡು, ಕಾಲ ಹೋಗ್ಯಾವು. ಅದನ್ನ ತೋರಿಸಬೇಕಿತ್ತಲ್ಲ ಇವರು? ಮುಚ್ಚಿಟ್ಟು ಏನ ಮಾಡ್ತಾರ?"

ಅನಘಾ ರಿಮೋಟ್ ಕೆಳಗಿಟ್ಟಳು. "ಯು ಹೈಡ್ ಇಟ್ ಟೂ, ಅಪ್ಪಾ."

ನಾವಿಬ್ಬರೂ ಅವಳ ಕಡೆ ತಿರುಗಿದೆವು.

ಹುಡುಗಿ ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಎಲ್ಲ ಹೇಳಿಬಿಟ್ಟಳು. ನಾನು ಕ್ಲಿನಿಕ್ಕಿಗೆ ಹೋದ ಮೇಲೆ ಅಪ್ಪ ಬಾತ್‌ರೂಮಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಒಬ್ಬರೇ ಕಾಲು ಮಡಚಲು ನೋಡುತ್ತಾರೆ. ನಲ್ಲಿಯ ಸದ್ದಿನ ಮೇಲೂ ಅವರು ನರಳುವುದು ಕೇಳಿಸುತ್ತದೆ. ಅವಳು ತನ್ನ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾಳೆ. ಮೆಡಿಕಲ್ ಟೆಸ್ಟಿನ ವಿಷಯ ಅವಳಿಗೆ ಗೊತ್ತು. ನಾವು ಅಡುಗೆಮನೆಯಲ್ಲಿ ಪಿಸುಗುಟ್ಟುವುದೂ ಕೇಳಿಸುತ್ತದೆ. "ಏನೂ ಆಗಿಲ್ಲ ಅಂತ ನಂಗೆ ಹೇಳ್ಬೇಡಿ. ಐ ಆಮ್ ನಾಟ್ ಫೈವ್" ಅಂದಳು.

ಮಾಡುವುದೇ ಇಲ್ಲ ಅಂತ ನಾನು ಅಂದುಕೊಂಡಿದ್ದೆ. ಮಾಡಲು ಹೋಗಿ, ನೋವು ತಡೆಯಲಾರದೆ, ಯಾರಿಗೂ ಹೇಳಲಾರದೆ ಬಿಡುತ್ತಿದ್ದರು. ಮೂರು ವಾರದ ಎಪ್ಪತ್ತು ಡಿಗ್ರಿಯ ಹಿಂದೆ ಇಷ್ಟಿತ್ತು. ಅಳೆಯುವ ಕೆಲಸ ನನ್ನದು. ಕೇಳುವ ಕೆಲಸವನ್ನು ಮಗಳು ಮಾಡಿದ್ದಳು.

"ಪರೀಕ್ಷಾದ ವರ್ಷ ಐತಿ, ಸುಮ್ನ ಯಾಕ ತಲಿಗೆ ಹಚ್ಚೂದು ಅಂತ..." ಅಂದರು ಗಿರೀಶ್. ಸೋಫಾ ಹಿಡಿದು ಮೆಲ್ಲಗೆ ಇಳಿದು ನೆಲದ ಮೇಲೆ ಬೋರಲು ಮಲಗಿದರು.

"ಬಾ, ಎಷ್ಟ ಮಡಚತೀ ಮಡಚು. ಒದರಿದ್ರೂ ಬಿಡಬ್ಯಾಡ."

ಒದರಿದರು. ಯಾವ ಮಟ್ಟಕ್ಕೆ ಅಂದರೆ ಮೇಲಿನ ಮನೆಯ ಮಲಯಾಳಿ ಆಂಟಿ ಫೋನ್ ಮಾಡಿ "ಎವೆರಿಥಿಂಗ್ ಓಕೆ?" ಅಂತ ಕೇಳಿದರು. ಅನಘಾ ಅಪ್ಪನ ತಲೆಯ ಹತ್ತಿರ ಕೂತು ಜಪಾನೀ ಭಾಷೆಯಲ್ಲಿ ಒಂದು, ಎರಡು, ಮೂರು ಎಣಿಸಿದಳು. ಹತ್ತಕ್ಕೆ ನಾನು ಬಿಡಬೇಕು. ಎಂಟು ಬಂದಾಗ ಅವಳು ಬೇಕೆಂದೇ ನಿಧಾನ ಮಾಡುತ್ತಿದ್ದಳು. ಅಪ್ಪ ಅವಳಿಗೆ ಬೈಯುತ್ತಿದ್ದರು. ಬೈಯುತ್ತಲೇ ನಕ್ಕರು.

ಆರು ವಾರ, ದಿನಕ್ಕೆ ಎರಡು ಹೊತ್ತು. ಎಂಬತ್ತಾಯಿತು, ತೊಂಬತ್ತೈದಾಯಿತು, ಎರಡು ವಾರ ಅಲ್ಲೇ ಹಟ ಹಿಡಿದು ನಿಂತಿತು. ಆಮೇಲೆ ನೂರಾ ಎಂಟು.

ಹೋದ ಮಂಗಳವಾರ ಟೆಸ್ಟ್ ಆಯಿತು. ಡಾಕ್ಟರು ಕೂರಿಸಿದರು, ನಿಲ್ಲಿಸಿದರು, ಮೆಟ್ಟಿಲು ಹತ್ತಿಸಿದರು. ಫಿಟ್ ಅಂತ ಬರೆದರು. ಕೆಳಗೆ ಇನ್ನೊಂದು ಸಾಲು: ಸದ್ಯಕ್ಕೆ ಏಣಿ ಹತ್ತುವಂತಿಲ್ಲ, ವರ್ಕ್‌ಶಾಪಿನೊಳಗಿನ ಕೆಲಸ ಮಾತ್ರ, ಮೂರು ತಿಂಗಳಿಗೆ ಮತ್ತೆ ನೋಡೋಣ. ಅನ್‌ಫಿಟ್ ಅಲ್ಲ. ಮೊದಲಿನ ಗಿರೀಶೂ ಅಲ್ಲ. ಎರಡನೇ ಸಾಲು ಅವರಿಗೆ ಚುಚ್ಚಿತು, ನನಗೆ ಗೊತ್ತು. ಆದರೆ ಮನೆಗೆ ಬಂದವರು ಕಾಗದವನ್ನು ಮೊದಲು ಕೊಟ್ಟದ್ದು ಮಗಳ ಕೈಗೆ. ಎರಡೂ ಸಾಲು ಓದಿಸಿದರು.

ಹಾಗಾದರೆ ಈ ಸ್ಪೆಷಲ್‌ಗಳು ಹಳೇ ಸೀರಿಯಲ್‌ಗಳಿಗೆ ನ್ಯಾಯ ಒದಗಿಸುತ್ತವಾ? ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ಅನಘಾ ಪೂರ್ತಿ ಅವರ ಪರ. "ಹಿ ಕೇಮ್, ಅಮ್ಮಾ. ವಿತ್ ದಟ್ ನೀ" ಅನ್ನುತ್ತಾಳೆ. ಆ ಮೊಣಕಾಲು ಇಟ್ಟುಕೊಂಡು, ಆ ವಯಸ್ಸಿನಲ್ಲಿ, ಮರಳಿನ ಮೇಲೆ ನಿಂತು ಹಳೇ ಘೋಷಣೆ ಕೂಗಿದರಲ್ಲ, ಇನ್ನೇನು ಬೇಕು ಅಂತ. ಒಪ್ಪುತ್ತೇನೆ. ಬಿಟ್ಟುಹೋದ ಜಾಗವನ್ನು ಬಿಟ್ಟೇ ತೋರಿಸಿದ್ದನ್ನೂ ಒಪ್ಪುತ್ತೇನೆ.

ಆದರೆ ಮೂರನೇ ಮೆಟ್ಟಿಲಿಗೆ ಕ್ಯಾಮೆರಾ ತಿರುಗಿಸಿದ್ದು ಯಾಕೆ? ಆ ನಟ ನಿಧಾನವಾಗಿ, ಕಂಬಿ ಹಿಡಿದು, ಪೂರ್ತಿ ಹತ್ತುವುದನ್ನು ತೋರಿಸಿದ್ದರೆ ನಾವು ಚಾನೆಲ್ ಬದಲಿಸುತ್ತಿದ್ದೆವಾ? ನಲವತ್ತು ವರ್ಷ ಕಾದ ಪ್ರೇಕ್ಷಕನ ಕಾಲೂ ನಲವತ್ತು ವರ್ಷ ಹಳೆಯದಾಗಿರುತ್ತದೆ. ಅದನ್ನು ನಂಬುವ ಧೈರ್ಯ ಇವರಿಗಿಲ್ಲ. ಅದಕ್ಕೇ ಫಳ್ ಅಂತ ಬೆಳಕು ಹಾಕಿ ಪಲ್ಟಿ ಹೊಡೆಸುತ್ತಾರೆ.

ಮೊನ್ನೆ ಗಿರೀಶ್ ಜೀವನದಲ್ಲಿ ಮೊದಲ ಸಲ ಇಂಟರ್‌ನೆಟ್ಟಿನಲ್ಲಿ ಒಂದು ಕಮೆಂಟ್ ಹಾಕಿದ್ದಾರೆ. ಟವೆಲ್ ಕೊಡುವ ಆ ನಾಲ್ಕು ಸೆಕೆಂಡಿನ ತುಣುಕಿನ ಕೆಳಗೆ. ಮಗಳು ಇಂಗ್ಲಿಷಿಗೆ ತಿರುಗಿಸಿ, ಅದನ್ನು ಜಪಾನೀ ಭಾಷೆಗೂ ಮಾಡಿಸಿದ್ದಾಳೆ. ಬರೆದದ್ದು ಇಷ್ಟು: "ಸರ್, ನೀವು ಜಿಗಿದದ್ದನ್ನು ನಾನು ಅಹ್ಮದಿಯಲ್ಲಿ ನೋಡಿದ್ದೇನೆ."

ಉತ್ತರ ಬಂದಿಲ್ಲ. ಬರುತ್ತದೆ ಅಂತ ನಾವ್ಯಾರೂ ಕಾದಿಲ್ಲ. ಇನ್ನು ಹತ್ತು ವರ್ಷಕ್ಕೆ ಐವತ್ತನೇ ವರ್ಷದ ಸ್ಪೆಷಲ್ ಖಂಡಿತ ಮಾಡುತ್ತಾರೆ. ಮಾಡುವವರಿಗೆ ನನ್ನದು ಒಂದೇ ಪ್ರಶ್ನೆ.

ಆ ಅಂಗಡಿಯ ಮುದುಕರನ್ನು ಒಂದು ಕುರ್ಚಿ ಹಾಕಿ ಕೂರಿಸಿ, ಒಂದೇ ಒಂದು ಮಾತಾಡಲು ಬಿಡುತ್ತೀರಾ?