ಅಂಡಮಾನಕ್ಕೆ ಹೋಗುವವರಿಗೆ ಹೇಳದೆ ಉಳಿದ ಒಂದು ಮಾತು

ಆಗ ಬೈಲಹೊಂಗಲದಲ್ಲಿ ಯಾರೇ ಅಂಡಮಾನಕ್ಕೆ ಹೊರಟರೂ ಮೊದಲು ಹೋಗುತ್ತಿದ್ದುದು ಟಿಕೆಟು ಮಾಡಿಸುವ ಏಜೆಂಟನ ಹತ್ತಿರ ಅಲ್ಲ, ಪೋಸ್ಟ್ ಆಫೀಸಿನ ನಿಜಗುಣಪ್ಪನ ಹತ್ತಿರ. ತೊಂಬತ್ತಾರರಲ್ಲಿ, ಸರಕಾರಿ ಪ್ರವಾಸದ ರಜೆ ಸಿಕ್ಕಾಗ, ಸವದತ್ತಿ, ಕಿತ್ತೂರು, ರಾಮದುರ್ಗದ ಎಂಟು ಮನೆಯವರನ್ನು ಕಟ್ಟಿಕೊಂಡು ಹಡಗು ಹತ್ತಿ ಹೋಗಿಬಂದ ಗಂಡಸು ಅವನು. ಕೇಳಿದವರಿಗೆ ಇಲ್ಲ ಅಂದವನಲ್ಲ. ಕೇಳದವರಿಗೂ ಬಿಟ್ಟವನಲ್ಲ ಅನ್ನಿ.

ಸ್ಟಾಂಪು ಹರಿಯುತ್ತ, ಲಕೋಟೆಗೆ ಮುದ್ರೆ ಒತ್ತುತ್ತ ಅವನ ಬಾಯಿ ನಡೆದೇ ಇರುತ್ತಿತ್ತು. ಖಡಕ್ ರೊಟ್ಟಿ ಒಯ್ಯಿರಿ, ಆದರೆ ಡಬ್ಬಿಯಲ್ಲಿ ತುಂಬಿ ಒಯ್ಯಿರಿ. ಅಲ್ಲಿಯ ಗಾಳಿಗೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಮೂರೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಹಡಗಿನಲ್ಲಿ ಹೊಟ್ಟೆ ತೊಳಸುತ್ತದೆ, ಕಿಸೆಯಲ್ಲಿ ನಿಂಬೆಹಣ್ಣು ಇರಲಿ. ದಂಡೆಯ ನೀರಿನಲ್ಲಿ ಬರಿಗಾಲಲ್ಲಿ ನಡೆದೀರಿ ಜೋಕೆ, ಹವಳದ ಕಲ್ಲು ಅಂಗಾಲು ಸೀಳುತ್ತದೆ, ರಬ್ಬರಿನ ಚಪ್ಪಲಿ ಬೇಕು. ಹೆಣ್ಣುಮಕ್ಕಳಿಗೆ ಇಳಕಲ್ ಸೀರೆ ಬೇಡ, ಉಪ್ಪು ನೀರಿಗೆ ರೇಷ್ಮೆಯ ಸೆರಗು ಹಾಳಾಗುತ್ತದೆ. ಸಂಜೆ ಐದಕ್ಕೇ ಕತ್ತಲಾಗುತ್ತದೆ, ನಮ್ಮೂರಂತೆ ಊಟ ಮಾಡಿ ಮಲಗೆದ್ದು ತಿರುಗಾಡಲು ಹೋದರೆ ಏನೂ ಕಾಣುವುದಿಲ್ಲ. ಗಾಳಿ ಎದ್ದಿತೆಂದರೆ ದ್ವೀಪದಿಂದ ದ್ವೀಪಕ್ಕೆ ಬೋಟು ಬಿಡುವುದಿಲ್ಲ, ಆದ್ದರಿಂದ ಎರಡು ದಿನ ಹೆಚ್ಚಿಗೆ ಹಿಡಿದೇ ತಿರುಗಿ ಬರುವ ಟಿಕೆಟು ಮಾಡಿಸಿ.

ಇಷ್ಟೆಲ್ಲ ಹೇಳುವವನು ಒಂದೇ ಒಂದು ಮಾತನ್ನು ಯಾರಿಗೂ ಹೇಳಿರಲಿಲ್ಲ.

ಆ ಪ್ರವಾಸದಲ್ಲಿ ರಾಮದುರ್ಗದ ದುರ್ಗಪ್ಪನೆಂಬುವನು, ತೆರೆ ಜೋರು ಇವೆ, ಕೊರಳಿನ ಲಿಂಗವನ್ನು ಲಾಡ್ಜಿನ ಟ್ರಂಕಿನಲ್ಲಿಟ್ಟು ನೀರಿಗೆ ಇಳಿಯುತ್ತೇನೆ ಅಂದಿದ್ದ. ನಿಜಗುಣಪ್ಪ ಎಂಟೂ ಮನೆಯವರ ಎದುರು ಅವನನ್ನು ತರಾಟೆಗೆ ತೆಗೆದುಕೊಂಡ. ಮೈಮೇಲಿನ ಲಿಂಗ ತೆಗೆದಿಟ್ಟು ಈಜಲು ಹೊರಟ ನೀನೂ ಒಬ್ಬ ಶರಣನೇನು ಎಂದು ಝಾಡಿಸಿದ. ಪಾಪ, ದುರ್ಗಪ್ಪ ಇಡೀ ದಿನ ಉಸುಕಿನಲ್ಲಿ ಕುಕ್ಕರಗಾಲಲ್ಲಿ ಕೂತ. ನಿಜಗುಣಪ್ಪ ಮಾತ್ರ ಎದೆಯ ಮೇಲೆ ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಹೊಳೆಸುತ್ತ ಟೊಂಕದ ಮಟ ನೀರಿಗೆ ಇಳಿದ. ಒಂದು ತೆರೆ ಬಂದು ಕೆಡವಿತು. ಎದ್ದು ನಿಂತಾಗ ಶಿವದಾರ ಕೊರಳಲ್ಲೇ ಇತ್ತು, ಕರಡಿಗೆಯೂ ಇತ್ತು, ಅದರ ಮುಚ್ಚಳ ಬಾಯಿ ತೆರೆದಿತ್ತು. ಒಳಗೆ ಒಂದಿಷ್ಟು ಉಸುಕು.

ಬೆರಳಿನ ಉಂಗುರ ತೆಗೆದು ಚೊಣ್ಣದ ಕಿಸೆಗೆ ಸೇರಿಸಿದ. ಲಿಂಗ ಹೋಯಿತೆನ್ನಲಾರದೆ ಉಂಗುರ ಬಿತ್ತೆಂದು ಕೂಗಿದ. ಎಂಟು ಮನೆಯ ಜನ ಕತ್ತಲಾಗುವ ತನಕ ಇಲ್ಲದ ಉಂಗುರ ಹುಡುಕಿದರು.

ಲಿಂಗ ಹೋದವನು ಮಠದ ಅಯ್ಯನವರ ಕೈಯಿಂದ ಇನ್ನೊಂದು ಪಡೆಯುವ ತನಕ ಹನಿ ನೀರೂ ಮುಟ್ಟಬಾರದು. ಊರಲ್ಲಾದರೆ ಒಂದು ಹೊತ್ತಿನ ಮಾತು, ಮಠಕ್ಕೆ ಹೋದರೆ ಮುಗಿಯಿತು. ಆದರೆ ತಿರುಗಿ ಹೋಗುವ ಹಡಗು ಇನ್ನೂ ಆರು ದಿನಕ್ಕೆ, ಅದರಲ್ಲಿ ಮತ್ತೆ ಮೂರು ದಿನ. ಸುತ್ತ ಎತ್ತ ನೋಡಿದರೂ ನೀರು. ಒಂದು ದಿನ ಹೊಟ್ಟೆ ಕೆಟ್ಟಿದೆ ಎಂದು ಮಲಗಿದ. ಎರಡನೇ ದಿನ ಮಧ್ಯಾಹ್ನ ಕಣ್ಣಿಗೆ ಕತ್ತಲೆ ಬಂದಿತು. ಹೆಂಡತಿ ನಾಗರತ್ನಾ ಗಾಬರಿಯಾಗಿ ಮಜ್ಜಿಗೆ ಅನ್ನ ಕಲಸಿ ಮುಂದೆ ಹಿಡಿದಳು. ಉಂಡುಬಿಟ್ಟ. ಉಣ್ಣುವ ಮೊದಲು ಬಾಯಿಬಿಟ್ಟಿದ್ದರೆ ಜನ ಅಯ್ಯೋ ಪಾಪ ಅನ್ನುತ್ತಿದ್ದರು. ಉಂಡ ಮೇಲೆ ಯಾವ ಬಾಯಿಂದ ಹೇಳುವುದು?

ಊರಿಗೆ ಬಂದವನೇ ವಿಭೂತಿಯ ತುಂಡೊಂದನ್ನು ಲಿಂಗದ ವಸ್ತ್ರದಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟ. ಬಾಗಿಲಿಗೆ ಬೆನ್ನು ಮಾಡಿ ಪೂಜೆಗೆ ಕೂರುತ್ತಿದ್ದ. ಎಡಗೈ ಮೇಲೆ ಏನೂ ಇಲ್ಲದೆ ಪತ್ರಿ ಏರಿಸುತ್ತಿದ್ದ. ಇದಿಷ್ಟೇ ಆಗಿದ್ದರೆ ತನ್ನ ಪಾಪ ತನಗೆ ಎಂದು ಹೇಗೋ ಇರುತ್ತಿದ್ದನೇನೋ. ನಾಗರತ್ನಾಳ ತವರು ಹೂಲಿ. ಅವಳಿಗೆ ತನ್ನದೇ ಲಿಂಗವಿದ್ದರೂ ಗಂಡನ ಪೂಜೆಯ ತೀರ್ಥ ತೆಗೆದುಕೊಳ್ಳದೆ ಚಹಾ ಸಹ ಮುಟ್ಟದಿರುವುದು ಆ ಮನೆಯ ಪದ್ಧತಿ. ದಿನಾ ಮುಂಜಾನೆ ಅವಳು ಕೈ ಒಡ್ಡುವಳು, ಇವನು ಬರೀ ಅಂಗೈ ತೊಳೆದ ನೀರು ಹಾಕುವನು, ಅವಳು ಕಣ್ಣಿಗೊತ್ತಿ ಕುಡಿಯುವಳು. ತೊಂಬತ್ತೊಂಬತ್ತರಲ್ಲಿ ಅವಳಿಗೆ ಕಾಮಾಲೆಯಾಗಿ ಡಾಕ್ಟರು ಕೈಚೆಲ್ಲಿದ್ದರು. ಬದುಕಿ ಎದ್ದವಳು, ಔಷಧದಿಂದಲ್ಲ, ನಮ್ಮವರ ತೀರ್ಥದಿಂದ ಎಂದು ಓಣಿಯ ತುಂಬ ಹೇಳಿಕೊಂಡು ಬಂದಳು. ಆ ದಿನ ನಿಜಗುಣಪ್ಪ ಬಚ್ಚಲಮನೆಗೆ ಹೋಗಿ ಅತ್ತ.

ಮಠಕ್ಕೆ ಹೋಗಬಾರದಿತ್ತೇ? ಹೊರಟಿದ್ದ, ಮೂರು ಸಲ. ಒಮ್ಮೆ ಮುರಗೋಡದ ತನಕ ಹೋಗಿ, ಚಹಾ ಕುಡಿದು, ಅದೇ ಬಸ್ಸಿಗೆ ತಿರುಗಿ ಬಂದ. ಸ್ವಾಮಿಗಳು ಯಾವಾಗ ಹೋಯಿತು ಅಂತ ಕೇಳದೆ ಇರುವುದಿಲ್ಲ. ಗುರುವಿನ ಮುಂದೆ ಸುಳ್ಳು ಹೇಳುವಷ್ಟು ಧೈರ್ಯವಿಲ್ಲ, ಖರೇ ಹೇಳುವಷ್ಟೂ ಇಲ್ಲ.

ಹೀಗೆ ಏಳು ವರ್ಷ ಕಳೆದವು. ಎರಡು ಸಾವಿರದ ಮೂರರ ಒಂದು ಭಾನುವಾರ ಅರಳೆ ವ್ಯಾಪಾರದ ಶಂಕ್ರೆಪ್ಪ ಮನೆಗೆ ಬಂದ. ಚಿಕ್ಕಂದಿನ ಗೆಳೆಯ, ಸಕ್ಕರೆ ಕಾಯಿಲೆಯವನು, ದಿನಕ್ಕೆರಡು ಸೂಜಿ. ಹಾಗಿದ್ದೂ ಪೂಜೆ ಆಗುವ ತನಕ ನೀರು ಮುಟ್ಟದ ಹಟಮಾರಿ. ಹೆಂಡತಿಯನ್ನು ಕರೆದುಕೊಂಡು ವಿಮಾನದಲ್ಲಿ ಅಂಡಮಾನಕ್ಕೆ ಹೊರಟಿದ್ದ. ನಿಜಗುಣಪ್ಪ ಎಂದಿನಂತೆ ರೊಟ್ಟಿ, ನಿಂಬೆಹಣ್ಣು, ಚಪ್ಪಲಿ ಎಲ್ಲ ಹೇಳಿದ. ಶಂಕ್ರೆಪ್ಪ ಚೀಟಿಯಲ್ಲಿ ಬರೆದುಕೊಂಡ. ಬರೆದು ಮುಗಿಸಿ, ತನಗೊಂದು ಆಸೆ ಇದೆ ಅಂದ: ಸಮುದ್ರದಲ್ಲಿ ಎದೆಮಟ ನಿಂತು ಲಿಂಗಪೂಜೆ ಮಾಡಬೇಕು.

ನಿಜಗುಣಪ್ಪ ಬೇಡ ಅಂದ. ತೆರೆ ಜೋರಿರುತ್ತವೆ ಅಂದ. ದಂಡೆಯ ಮೇಲೆ ಮಾಡು ಅಂದ. ಶಂಕ್ರೆಪ್ಪ ನಕ್ಕುಬಿಟ್ಟ. ದುರ್ಗಪ್ಪನಿಗೆ ಬೈದ ಕಥೆಯನ್ನು ಊರಿಗೆಲ್ಲ ಹೇಳಿದವನು ನೀನೇ ಅಲ್ಲವೇ, ಈಗ ನೀನೇ ಅಂಜುತ್ತೀಯಲ್ಲ ಎಂದು ಕಾಡಿಸಿದ.

ಇವನ ಲಿಂಗ ಹೋದರೆ ಇವನು ಉಣ್ಣುವ ಪೈಕಿ ಅಲ್ಲ ಎಂದು ನಿಜಗುಣಪ್ಪನಿಗೆ ಗೊತ್ತಿತ್ತು. ಆ ಕಾಯಿಲೆಯಲ್ಲಿ ಎರಡು ದಿನ ಉಣ್ಣದಿದ್ದರೆ ಹೆಣವೇ ತಿರುಗಿ ಬರುತ್ತದೆ. ಅಡುಗೆಮನೆಯಲ್ಲಿ ಕಪ್ಪು ಬಸಿಯ ಸಪ್ಪಳ ಕೇಳುತ್ತಿತ್ತು. ದನಿ ತಗ್ಗಿಸಿಯೇ ಹೇಳಿದ.

"ನಂದು ಹೋಗೇತಿ, ಶಂಕ್ರೆಪ್ಪಾ. ಅಲ್ಲೇ, ನೀರಾಗ. ತೊಂಬತ್ತಾರರಾಗ."

ಶಂಕ್ರೆಪ್ಪ ಅವನ ಎದೆಯ ಮೇಲಿನ ಕರಡಿಗೆ ನೋಡಿದ.

"ಮತ್ತ ಊಟಾ?"

"ಎರಡನೇ ದಿನಕ್ಕ ಉಂಡೆ."

ಬಾಗಿಲಲ್ಲಿ ನಾಗರತ್ನಾ ನಿಂತಿದ್ದಳು, ಕೈಯಲ್ಲಿ ಚಹಾದ ತಾಟು. ಬಂದು ಇಬ್ಬರ ಮುಂದೂ ಕಪ್ಪು ಇಟ್ಟು ಒಳಗೆ ಹೋದಳು. ಶಂಕ್ರೆಪ್ಪ ಚಹಾ ಮುಟ್ಟಲಿಲ್ಲ. ತಾನು ನೀರಿಗೆ ಇಳಿಯುವುದಿಲ್ಲ ಎಂದು ಹೇಳಿ, ಚೀಟಿ ಮಡಿಸಿ ಕಿಸೆಗಿಟ್ಟುಕೊಂಡು ಎದ್ದು ಹೋದ.

ಮಧ್ಯಾಹ್ನ ಅವಳು ತಾಟು ಬಡಿಸಿದಳು. ನನಗೆ ನೀಡಬೇಡ ಎಂದ ನಿಜಗುಣಪ್ಪ, ಮುಖ ಎತ್ತದೆ.

"ಏಳು ವರ್ಷ ಉಂಡೀರಿ. ಇವತ್ತೊಂದಿನ ಯಾಕ ಬಿಡ್ತೀರಿ? ಉಣ್ರಿ."

ಎರಡೂ ರೊಟ್ಟಿ ಮುಗಿಯುವ ತನಕ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಕರಡಿಗೆ ಇಸಿದುಕೊಂಡು, ಅದರಲ್ಲಿದ್ದ ವಿಭೂತಿ ತುಂಡನ್ನು ತೆಗೆದು, ತಿಕ್ಕಿ ತೊಳೆದಿಟ್ಟಳು. ನಾಳೆ ಮಠಕ್ಕೆ ಹೋಗುವುದೆಂದಳು. ಬೈದಿದ್ದರೆ, ಅತ್ತಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು.

ಮರುದಿನ ಬಸ್ಸಿನಲ್ಲಿ ಅವನು ಮಾತು ಕೂಡಿಸಿಕೊಂಡ. ಎಲ್ಲವನ್ನೂ ಹೇಳಿಬಿಡುವುದು, ಉಂಗುರದ ಸುಳ್ಳನ್ನೂ ಸೇರಿಸಿ. ಹಾಗೆ ಅಂದುಕೊಂಡಾಗ ಏಳು ವರ್ಷದಲ್ಲಿ ಮೊದಲ ಸಲ ಎದೆ ಹಗುರವಾಯಿತು. ಅದು ಮುರಗೋಡದಾಚೆ ಹೊಲಗಳ ನಡುವಿನ ಸಣ್ಣ ಮಠ. ವಯಸ್ಸಾದ ಸ್ವಾಮಿಗಳ ಎದುರು ಹತ್ತು ಹನ್ನೆರಡು ಜನ ಭಕ್ತರಿದ್ದರು. ಬರಿದಾದ ಕರಡಿಗೆ ನೋಡಿ ಸ್ವಾಮಿಗಳು, ಯಾವಾಗ ಹೋಯಿತಪ್ಪ ಎಂದು ಕೇಳಿದರು.

ನಿಜಗುಣಪ್ಪ ಬಾಯಿ ತೆರೆದ.

"ನಿನ್ನಿ ಮುಂಜಾನೆ ರೀ, ಅಜ್ಜಾರ," ಅಂದಳು ನಾಗರತ್ನಾ. "ಬಾವ್ಯಾಗ ಬಿತ್ತು. ಆವಾಗಿಂದ ಹನಿ ನೀರು ಮುಟ್ಟಿಲ್ರಿ ಇವರು."

ಅವನು ಅವಳ ಕಡೆ ತಿರುಗಿದ. ಅವಳು ಸ್ವಾಮಿಗಳನ್ನೇ ನೋಡುತ್ತಿದ್ದಳು. ಈಗ ಖರೇ ಹೇಳಿದರೆ ಇಷ್ಟು ಜನರ ಎದುರು, ಗುರುವಿನ ಎದುರು, ಅವಳು ಸುಳ್ಳಿಯಾಗುತ್ತಾಳೆ. ತೆರೆದ ಬಾಯನ್ನು ಹಾಗೇ ಮುಚ್ಚಿದ. ಸ್ವಾಮಿಗಳು ಭಕ್ತರಿಗೆ ಅವನನ್ನು ತೋರಿಸಿ, ಈ ಕಾಲದಲ್ಲೂ ನೇಮ ಬಿಡದವರು ಇದ್ದಾರೆ ನೋಡಿ ಎಂದು ಹೊಗಳಿದರು. ಅವನ ಎಡಗೈ ಮೇಲೆ ಹೊಸ ಲಿಂಗ ಇಟ್ಟು ಪೂಜೆ ಮಾಡಿಸಿದರು.

"ತಂಗೀ, ಮೊದಲ ತೀರ್ಥ ನೀ ತಗೋ."

ನಾಗರತ್ನಾ ಸೆರಗು ಹೊದ್ದು ಮುಂದೆ ಬಂದು ಕೈ ಒಡ್ಡಿದಳು. ಏಳು ವರ್ಷದ ಮೇಲೆ ನಿಜವಾದ ತೀರ್ಥ. ನಿಜಗುಣಪ್ಪ ಅವಳ ಅಂಗೈಗೆ ಹಾಕಿದ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು, ತುಟಿಯ ತನಕ ಒಯ್ದಳು, ಕುಡಿದಂತೆ ಗಂಟಲನ್ನೂ ಆಡಿಸಿದಳು. ಆಮೇಲೆ ಕೈಯನ್ನು ಸೆರಗಿನ ಒಳಗೆ ಒಯ್ದು, ಮೆಲ್ಲಗೆ, ಒಂದು ಹನಿಯೂ ಉಳಿಯದಂತೆ ಒರೆಸಿಕೊಂಡಳು. ಎದುರಿಗೆ ಕೂತ ಅವನೊಬ್ಬನಿಗೆ ಮಾತ್ರ ಅದು ಕಂಡಿತು.